ಹೊಟ್ಟೆ ಕರಗಬೇಕೇ? ಬಸ್ಸಾರಿನ ಪಲ್ಯ ಮೊದಲು ತಿನ್ನಿ

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಇಲ್ಲಿ ಕೂತಿರುವ ಎಲ್ಲರಿಗೂ ಸಿಕ್ಸ್ ಪ್ಯಾಕ್ ಇದೆ. ಮುಂದಿನ ಸಾಲಿನಲ್ಲಿ ಟೀ ಶರ್ಟ್ ಬಿಗಿಯಾಗಿ ಹಾಕಿಕೊಂಡು ಬಂದಿರುವ ಹುಡುಗರಿಗೂ ಇದೆ, ಹಿಂದೆ ಗೋಡೆಗೆ ಒರಗಿ ನಿಂತಿರುವ ಯಜಮಾನರಿಗೂ ಇದೆ. ಎದೆಗೂಡಿನ ಕೆಳಭಾಗದಿಂದ ಸೊಂಟದ ಮುಂದಿನ ಮೂಳೆಯವರೆಗೆ ಜೋಡಿಯಾಗಿ ಇಳಿಯುವ ಸ್ನಾಯು ಅದು. ಡಾಕ್ಟರುಗಳು ಅದನ್ನು ರೆಕ್ಟಸ್ ಅಬ್ಡಾಮಿನಿಸ್ ಅಂತಾರೆ. ಎರಡರ ನಡುವೆ ಉದ್ದಕ್ಕೆ ಒಂದು ಬಿಳಿ ನಾರಿನ ಗೆರೆ ಇರುತ್ತೆ. ಅಡ್ಡಕ್ಕೆ ಸಾಮಾನ್ಯವಾಗಿ ಮೂರು ನಾರಿನ ಪಟ್ಟಿ ಇರುತ್ತವೆ. ಈ ಗೆರೆಗಳ ನಡುವೆ ಸ್ನಾಯು ಉಬ್ಬಿಕೊಂಡಿದ್ದನ್ನೇ ನಾವು ಪ್ಯಾಕ್ ಅಂತ ಕರೆಯೋದು.

ಅಡ್ಡಪಟ್ಟಿ ಎಷ್ಟು, ಎಲ್ಲೆಲ್ಲಿ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ. ಅದಕ್ಕೇ ಕೆಲವರಿಗೆ ನಾಲ್ಕು ಕಾಣುತ್ತೆ, ಕೆಲವರಿಗೆ ಆರು, ಕೆಲವರಿಗೆ ಎಂಟು. ಎಡಬಲ ಸಮವಾಗಿರಲೇಬೇಕು ಅಂತಲೂ ಇಲ್ಲ. ಇದು ಅಪ್ಪ ಅಮ್ಮನಿಂದ ಬಂದದ್ದು. ಜಿಮ್ಮಿಗೆ ಎಷ್ಟು ಫೀಸು ಕಟ್ಟಿದರೂ ನಾಲ್ಕು ಆರಾಗುವುದಿಲ್ಲ. ವ್ಯಾಯಾಮದಿಂದ ಆ ಸ್ನಾಯು ದಪ್ಪ ಆಗುತ್ತೆ, ಗಟ್ಟಿಯಾಗುತ್ತೆ. ಅದು ಒಳ್ಳೆಯದೇ. ಆದರೆ ಕಾಣಬೇಕು ಅಂದ್ರೆ ಅದರ ಮೇಲೆ ಕೂತಿರುವ ಕೊಬ್ಬು ತೆಳುವಾಗಬೇಕು. ಗಂಡಸರಲ್ಲಿ ಮೈಯ ಒಟ್ಟು ತೂಕದಲ್ಲಿ ಕೊಬ್ಬು 10ರಿಂದ 12 ಶೇಕಡಾಕ್ಕೆ ಇಳಿದಾಗ ಗೆರೆಗಳು ಚೆನ್ನಾಗಿ ಕಾಣುತ್ತವೆ. 15ರ ಹತ್ತಿರ ಇದ್ದರೆ ಬೆಳಕು ಸರಿಯಾಗಿ ಬಿದ್ದಾಗ ಮಸುಕಾಗಿ ಕಾಣಬಹುದು. ಹೆಂಗಸರ ಮೈಗೆ ಸಹಜವಾಗಿಯೇ ಜಾಸ್ತಿ ಕೊಬ್ಬು ಬೇಕು. ಅವರಲ್ಲಿ 20ರ ಆಸುಪಾಸಿನಲ್ಲೇ ಕಾಣತೊಡಗುತ್ತೆ.

ಹಾಗಾದರೆ ದಿನಾ ಇನ್ನೂರು ಸಿಟ್ ಅಪ್ ಹೊಡೆದರೆ ಹೊಟ್ಟೆ ಮೇಲಿನ ಕೊಬ್ಬು ಹೋಗಲ್ವಾ ಅಂತ ಕೇಳ್ತೀರಿ. ಹೋಗಲ್ಲ. 1971ರಲ್ಲಿ ಅಮೆರಿಕದಲ್ಲಿ ಟೆನಿಸ್ ಆಟಗಾರರ ಎರಡೂ ಕೈಗಳನ್ನು ಅಳೆದು ನೋಡಿದರು. ವರ್ಷಗಟ್ಟಲೆ ರಾಕೆಟ್ ಬೀಸಿದ ಕೈಯಲ್ಲಿ ಸ್ನಾಯು ದಪ್ಪ ಆಗಿತ್ತು. ಆದರೆ ಚರ್ಮದ ಕೆಳಗಿನ ಕೊಬ್ಬಿನ ಪದರ ಎರಡೂ ಕೈಯಲ್ಲಿ ಹೆಚ್ಚುಕಡಿಮೆ ಒಂದೇ! 1984ರಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಅದರಲ್ಲಿ 27 ದಿನ, ಒಬ್ಬೊಬ್ಬರಿಂದ ಒಟ್ಟು 5 ಸಾವಿರ ಸಿಟ್ ಅಪ್ ಮಾಡಿಸಿದರು. ಹೊಟ್ಟೆ, ಬೆನ್ನು, ಕುಂಡಿ ಮೂರೂ ಕಡೆಯಿಂದ ಕೊಬ್ಬಿನ ಕಣ ತೆಗೆದು ನೋಡಿದರು. ಮೂರೂ ಕಡೆ ಕಣಗಳು ಒಂದೇ ರೀತಿ ಚಿಕ್ಕದಾಗಿದ್ದವು. ಹೊಟ್ಟೆಯಲ್ಲೇ ವಿಶೇಷವಾಗಿ ಏನೂ ಆಗಿರಲಿಲ್ಲ. ಬಾವಿಯ ಒಂದು ಮೂಲೆಯಿಂದ ನೀರು ಸೇದಿದರೆ ಆ ಮೂಲೆ ಮಾತ್ರ ತಗ್ಗುತ್ತಾ? ಇದೂ ಹಾಗೇ. ಎಲ್ಲಿಂದ ಮೊದಲು ಇಳಿಯಬೇಕು ಅನ್ನೋದನ್ನು ಮೈ ತೀರ್ಮಾನ ಮಾಡುತ್ತೆ. ಗಂಡಸರಲ್ಲಿ ಸಾಮಾನ್ಯವಾಗಿ ಹೊಕ್ಕುಳ ಕೆಳಗಿನದು ಕೊನೆಗೆ. ಹೆಂಗಸರಲ್ಲಿ ಸೊಂಟ, ತೊಡೆಯದು ಕೊನೆಗೆ.

ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತೆ ಗೊತ್ತಾ? ಬೆವರಿನಲ್ಲಿ ಹೋಗುತ್ತೆ ಅಂತ ನಂಬಿ ಹೊಟ್ಟೆಗೆ ಪ್ಲಾಸ್ಟಿಕ್ ಸುತ್ತಿಕೊಂಡು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಓಡುವವರನ್ನು ನೀವೂ ನೋಡಿರ್ತೀರಿ. 2014ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಇದರ ಲೆಕ್ಕ ಹಾಕಿ ಪ್ರಕಟಿಸಿದರು. 10 ಕಿಲೋ ಕೊಬ್ಬು ಕರಗಿದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಹೋಗುತ್ತೆ. ಉಳಿದ 1.6 ಕಿಲೋ ನೀರಾಗುತ್ತೆ. ಪ್ಲಾಸ್ಟಿಕ್ ಸುತ್ತಿಕೊಂಡವರು ಕಳೆದುಕೊಳ್ಳೋದು ಬರೀ ನೀರು. ಮನೆಗೆ ಹೋಗಿ ಎರಡು ಚೊಂಬು ಕುಡಿದರೆ ವಾಪಸ್ಸು ಬಂತು.

ಈಗ ನಮ್ಮವರ ಹೊಟ್ಟೆಯ ವಿಷಯಕ್ಕೆ ಬರೋಣ. ನಾವು ಸಣ್ಣಗಿದ್ದೀವಿ, ನಮಗೇನು ತೊಂದರೆ ಅಂದುಕೊಳ್ಳುವವರು ಇದನ್ನು ಕೇಳಬೇಕು. ಪುಣೆಯಲ್ಲಿ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಅಂತ ಸಕ್ಕರೆ ಕಾಯಿಲೆಯ ತಜ್ಞರಿದ್ದಾರೆ. ಲಂಡನ್ನಿನಲ್ಲಿ ಅವರ ಸ್ನೇಹಿತ ಜಾನ್ ಯುಡ್ಕಿನ್. 2004ರಲ್ಲಿ ಇಬ್ಬರೂ ತಮ್ಮ ಫೋಟೋವನ್ನೇ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿ ಒಂದು ಪುಟ್ಟ ಟಿಪ್ಪಣಿ ಬರೆದರು. ಇಬ್ಬರ ಬಿಎಂಐ, ಅಂದ್ರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, ಕೂಡ ಒಂದೇ, 22.3. ಎತ್ತರಕ್ಕೆ ತಕ್ಕ ತೂಕ. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಶೇಕಡಾ, ಯಾಜ್ಞಿಕ್ ಮೈಯಲ್ಲಿ 21.2 ಶೇಕಡಾ. ತಕ್ಕಡಿ ಇಬ್ಬರನ್ನೂ ಒಂದೇ ಅಂದಿತು, ಒಳಗಿನ ಲೆಕ್ಕ ಬೇರೆಯೇ ಇತ್ತು. ನಮ್ಮಲ್ಲಿ ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ ಅನ್ನುವ ಮೈಕಟ್ಟು ಎಷ್ಟು ಸಾಮಾನ್ಯ ಅಂದ್ರೆ, ನಾವದನ್ನು ಗಮನಿಸೋದೇ ಬಿಟ್ಟಿದ್ದೀವಿ. ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ. ಆ ಕೊಬ್ಬಿನಲ್ಲೂ ಒಂದಷ್ಟು ಚರ್ಮದ ಕೆಳಗಲ್ಲ, ಕರುಳು, ಲಿವರ್ ಸುತ್ತ ಕೂತಿರುತ್ತೆ. ಕೈಯಲ್ಲಿ ಹಿಡಿಯಲು ಸಿಗದ, ಒಳಗಿನಿಂದ ಗಟ್ಟಿಯಾಗಿ ಮುಂದಕ್ಕೆ ತಳ್ಳುವ ಹೊಟ್ಟೆ ಇದೆಯಲ್ಲ, ಅದೇ ಜಾಸ್ತಿ ಅಪಾಯ.

ಐಸಿಎಂಆರ್, ಅಂದ್ರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ದೇಶದ ಎಲ್ಲ ರಾಜ್ಯಗಳಲ್ಲೂ ಮಾಡಿದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಬಂತು. ವಯಸ್ಕರಲ್ಲಿ 39.5 ಶೇಕಡಾ ಜನರಿಗೆ ಹೊಟ್ಟೆಯ ಬೊಜ್ಜು. 11.4 ಶೇಕಡಾ ಜನರಿಗೆ ಸಕ್ಕರೆ ಕಾಯಿಲೆ. ನಮ್ಮವರಿಗೆ ಸೊಂಟದ ಸುತ್ತಳತೆಯ ಗಡಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಮನೆಯಲ್ಲಿ ಟೈಲರ್ ಟೇಪ್ ಇರುತ್ತಲ್ಲ, ಅದನ್ನು ತಗೊಂಡು ಹೊಟ್ಟೆ ಎಳೆದುಕೊಳ್ಳದೆ ಅಳೆಯಿರಿ. ಪ್ಯಾಂಟಿನ ಸೈಜ್ ನಂಬಬೇಡಿ. ಎಷ್ಟೋ ಜನ ಹೊಟ್ಟೆಯ ಕೆಳಗೆ ಬೆಲ್ಟ್ ಕಟ್ಟಿಕೊಂಡು ನಾನಿನ್ನೂ ಮೂವತ್ತನಾಲ್ಕೇ ಅಂತಿರ್ತಾರೆ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ. ಮೈಸೂರಿನಲ್ಲಿ ನಿಂತು ಮೈಕಟ್ಟಿನ ಮಾತಾಡುವಾಗ ಗರಡಿ ಮನೆ ಬಿಡೋಕಾಗುತ್ತಾ? ದಸರಾದಲ್ಲಿ ದೊಡ್ಡಕೆರೆ ಮೈದಾನದ ಕುಸ್ತಿ ನೋಡಿದವರಿಗೆ ಗೊತ್ತು. ಹಳೇ ಪೈಲ್ವಾನರಲ್ಲಿ ಎಷ್ಟೋ ಜನರಿಗೆ ಗೆರೆ ಗೆರೆಯ ಹೊಟ್ಟೆ ಇರಲಿಲ್ಲ. ಸಾವಿರ ಬಸ್ಕಿ ಹೊಡೆದ ತೊಡೆ, ಕಂಬದಂಥ ಕತ್ತು, ಗುಂಡಗಿನ ಗಟ್ಟಿ ಹೊಟ್ಟೆ. ಬಾದಾಮಿ ಹಾಲು, ತುಪ್ಪ, ಮಾಂಸ ಎಲ್ಲಾ ಭರ್ಜರಿಯಾಗಿಯೇ ತಿನ್ನುತ್ತಿದ್ದರು. ಅವರ ಹೊಟ್ಟೆಗೆ ಒಂದು ಗುದ್ದು ಕೊಟ್ಟು ನೋಡಿ, ನಿಮ್ಮ ಕೈ ಮುರಿಯುತ್ತೆ. ಇದನ್ನು ಯಾಕೆ ಹೇಳಿದೆ ಅಂದ್ರೆ, ಗೆರೆ ಕಾಣೋದೇ ಬೇರೆ, ಬಲ ಇರೋದೇ ಬೇರೆ. ಎರಡನ್ನೂ ಕಲಸಬೇಡಿ. ಆದರೆ ಪೈಲ್ವಾನರ ಊಟ ನೋಡಿ ನೀವು ತುಪ್ಪ ಸುರಿದುಕೊಂಡರೆ ಅವರ ಹೊಟ್ಟೆ ಮಾತ್ರ ಬರುತ್ತೆ, ತೊಡೆ ಬರಲ್ಲ. ಅವರು ಬೆಳಗಿನ ಜಾವ ಎದ್ದು ಮಟ್ಟಿಯಲ್ಲಿ ಹೊರಳಾಡುತ್ತಿದ್ದರು. ನಾವು ಕುರ್ಚಿ ಬಿಟ್ಟು ಏಳಲ್ಲ.

ಸರಿ, ಎಷ್ಟು ಕಡಿಮೆ ತಿನ್ನಬೇಕು? ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತೆ. ದಿನಕ್ಕೆ ಖರ್ಚಾಗುವುದಕ್ಕಿಂತ 400-500 ಕ್ಯಾಲೊರಿ ಕಡಿಮೆ ತಿಂದರೆ ವಾರಕ್ಕೆ ಅರ್ಧ ಕಿಲೋ ಆಸುಪಾಸಿನಲ್ಲಿ ಇಳಿಯುತ್ತೆ. ಅಷ್ಟು ಸಾಕು. ಅವಸರಕ್ಕೆ ಬಿದ್ದು ಒಂದೇ ಹೊತ್ತು ಊಟ, ಬರೀ ಸೌತೆಕಾಯಿ ಅಂತ ಶುರು ಮಾಡಿದರೆ ಮೈ ಕೊಬ್ಬಿನ ಜೊತೆಗೆ ಸ್ನಾಯುವನ್ನೂ ಕರಗಿಸುತ್ತೆ. ಆಮೇಲೆ ಕಾಣಬೇಕಾದ್ದೇ ಇರಲ್ಲ! ಇನ್ನೊಂದು, ಮೊದಲ ವಾರದಲ್ಲೇ ಎರಡು ಕಿಲೋ ಇಳಿದೆ ಅಂತ ಕುಣಿಯಬೇಡಿ. ಅನ್ನ, ಸಕ್ಕರೆ ಕಡಿಮೆ ಮಾಡಿದಾಗ ಸ್ನಾಯು ಮತ್ತು ಲಿವರಿನಲ್ಲಿ ಕೂಡಿಟ್ಟ ಗ್ಲೈಕೋಜೆನ್ ಅನ್ನುವ ಸಕ್ಕರೆಯ ದಾಸ್ತಾನು ಖಾಲಿಯಾಗುತ್ತೆ. ಅದು ಒಂದೊಂದು ಗ್ರಾಮಿಗೂ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟುಕೊಂಡಿರುತ್ತೆ. ಆ ನೀರು ಹೋಗಿದೆ ಅಷ್ಟೇ. ಒಂದು ಹಬ್ಬದ ಊಟಕ್ಕೆ ವಾಪಸ್ಸು ಬರುತ್ತೆ.

ಈ 400 ಕ್ಯಾಲೊರಿ ಎಲ್ಲಿಂದ ತೆಗೆಯೋದು? ಎಲ್ಲರೂ ಮೊದಲು ಕೈ ಹಾಕೋದು ಅನ್ನದ ಪಾತ್ರೆಗೆ. ನಾನು ಹೇಳೋದು, ಮೊದಲು ಒಲೆ ಪಕ್ಕದ ಎಣ್ಣೆ ಕ್ಯಾನ್ ನೋಡಿ. ನಾಲ್ಕು ಜನರ ಮನೆ, ತಿಂಗಳಿಗೆ 5 ಲೀಟರ್ ಕ್ಯಾನ್ ಒಂದು ಖಾಲಿಯಾಗುತ್ತೆ ಅಂತಿಟ್ಟುಕೊಳ್ಳಿ. ಇದು ಬಹಳ ಮನೆಗಳಲ್ಲಿ ಇರುವ ಲೆಕ್ಕವೇ. 5 ಲೀಟರ್ ಅಂದ್ರೆ ತೂಕದಲ್ಲಿ 4.6 ಕಿಲೋ. 30 ದಿನ, ನಾಲ್ಕು ಜನ ಅಂತ ಭಾಗಿಸಿದರೆ ಒಬ್ಬೊಬ್ಬರಿಗೆ ದಿನಕ್ಕೆ 38 ಗ್ರಾಂ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ. ಹತ್ತಿರ ಹತ್ತಿರ 345 ಕ್ಯಾಲೊರಿ ಆಯ್ತು. ಇದರಲ್ಲಿ ತುಪ್ಪ ಸೇರಿಲ್ಲ, ಬೆಣ್ಣೆ ಸೇರಿಲ್ಲ, ಹೋಟೆಲಿನಲ್ಲಿ ತಿಂದದ್ದು ಸೇರಿಲ್ಲ, ಕಾಯಿ ಸೇರಿಲ್ಲ. ಹಸಿ ಕಾಯಿತುರಿ 100 ಗ್ರಾಮಿಗೆ 400 ಕ್ಯಾಲೊರಿ. ಒಂದು ಹಿಡಿ ತುರಿ ಚಟ್ನಿಗೆ ಹೋದರೆ 120 ಬಂತು. ಒಂದು ಬೆಣ್ಣೆ ದೋಸೆ ಮೇಲೆ 20 ಗ್ರಾಂ ಬೆಣ್ಣೆ ಬಿತ್ತು ಅಂದ್ರೆ ದೋಸೆ ಬಿಟ್ಟು ಬೆಣ್ಣೆಯದೇ 145.

ಒಗ್ಗರಣೆಗೆ ಎಣ್ಣೆ ಹಾಕೋದನ್ನು ಹತ್ತಿರ ನಿಂತು ನೋಡಿ. ಕ್ಯಾನಿನಿಂದ ನೇರವಾಗಿ ಬಾಣಲೆಗೆ ಬಗ್ಗಿಸುತ್ತೀವಿ. ಕೈ ಅಂದಾಜು. ಸಾಸಿವೆ ಚಟಪಟ ಅನ್ನಲು ಒಂದು ಟೀ ಚಮಚ ಸಾಕು, ಬಿದ್ದಿರೋದು ಮೂರು ದೊಡ್ಡ ಚಮಚ. ಒಂದು ದೊಡ್ಡ ಚಮಚಕ್ಕೆ 120 ಕ್ಯಾಲೊರಿ. ನನ್ನ ಹತ್ತಿರ ಬರುವವರಿಗೆ ನಾನು ಮೊದಲು ಹೇಳೋದು ಇಷ್ಟೇ: ಕ್ಯಾನನ್ನು ಒಲೆ ಹತ್ತಿರ ಇಡಬೇಡಿ, ಒಂದು ಸಣ್ಣ ಬಾಟಲಿಗೆ ಹಾಕಿಕೊಳ್ಳಿ, ಚಮಚದಲ್ಲಿ ಅಳೆದು ಹಾಕಿ. ಇದಕ್ಕೆ ಡಯಟೀಷಿಯನ್ ಬೇಕಾಗಿಲ್ಲ, ಚಮಚ ಬೇಕು. ತಿಂಗಳ ಕ್ಯಾನ್ ಎರಡು ತಿಂಗಳು ಬಂದರೆ ಮನೆಮಂದಿಗೆಲ್ಲ ತಲಾ 170 ಕ್ಯಾಲೊರಿ ಉಳೀತು. ದುಡ್ಡೂ ಉಳೀತು. ಆಮೇಲೆ ಕಾಫಿ, ಟೀ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದ್ರೆ 35-40 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂಚಿಯಲ್ಲಿ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿರಲಿ ಅಂದಿದೆ. ಬರೀ ಕಾಫಿಯಲ್ಲೇ ದಾಟಿಬಿಟ್ಟಿರಿ. ಬೆಲ್ಲ ಹಾಕ್ತೀನಿ ಅನ್ನುವವರಿಗೂ ಇದೇ ಲೆಕ್ಕ. ಹೊಟ್ಟೆಗೆ ಬೆಲ್ಲದ ಮೇಲೆ ಏನೂ ಮಮತೆ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಕಡಿಮೆ ತಿನ್ನುವಾಗ ಸ್ನಾಯು ಉಳಿಯಬೇಕಾದರೆ ಎರಡು ಬೇಕು. ಒಂದು, ಭಾರ ಎತ್ತುವ ವ್ಯಾಯಾಮ. ಅದನ್ನು ನಿಮ್ಮ ಟ್ರೈನರ್ ಹೇಳಿಕೊಡ್ತಾರೆ. ಎರಡು, ಪ್ರೊಟೀನ್. ಸಾಮಾನ್ಯ ಮನುಷ್ಯನಿಗೆ ತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ ಅನ್ನೋದು ನಮ್ಮ ದೇಶದ ಲೆಕ್ಕ. ಭಾರ ಎತ್ತುತ್ತಾ ಕೊಬ್ಬು ಇಳಿಸುವವರಿಗೆ 1.2ರಿಂದ 1.6 ಗ್ರಾಂ ಇದ್ದರೆ ಒಳ್ಳೆಯದು. 70 ಕಿಲೋ ತೂಗುವವರಿಗೆ 84ರಿಂದ 112 ಗ್ರಾಂ ಆಗುತ್ತೆ. ಪ್ರೊಟೀನಿಗೆ ಇನ್ನೊಂದು ಗುಣವಿದೆ. ಹೊಟ್ಟೆ ತುಂಬಿದ ಹಾಗಿರುತ್ತೆ, ಬೇಗ ಹಸಿವಾಗಲ್ಲ. ಅದನ್ನು ಅರಗಿಸಲು ಮೈ ಖರ್ಚು ಮಾಡುವ ಶಕ್ತಿಯೂ ಜಾಸ್ತಿ, ಅದರ ಕ್ಯಾಲೊರಿಯ 20-30 ಶೇಕಡಾ ಅಲ್ಲೇ ಹೋಗುತ್ತೆ.

ನಾವು ದಿನಾ ಬೇಳೆ ಸಾರು ಉಣ್ತೀವಲ್ಲ, ಪ್ರೊಟೀನ್ ಸಿಗುತ್ತಲ್ವಾ ಅಂತ ಬಹಳ ಜನ ಕೇಳ್ತಾರೆ. ಲೆಕ್ಕ ಹಾಕೋಣ. ನಾಲ್ಕು ಜನರ ಮನೆಯಲ್ಲಿ ಒಂದು ಪುಟ್ಟ ಲೋಟ ತೊಗರಿಬೇಳೆ ಕುಕ್ಕರಿಗೆ ಬೀಳುತ್ತೆ, ಸುಮಾರು 100 ಗ್ರಾಂ. ಅದರಲ್ಲಿ ಪ್ರೊಟೀನ್ 22 ಗ್ರಾಂ. ಆ ಸಾರು ಮಧ್ಯಾಹ್ನಕ್ಕೂ ಆಗುತ್ತೆ, ರಾತ್ರಿಗೂ ಆಗುತ್ತೆ. ಅಂದ್ರೆ ಎರಡು ಹೊತ್ತು ಸೇರಿ ಒಬ್ಬೊಬ್ಬರಿಗೆ ಐದೂವರೆ ಗ್ರಾಂ. ಒಂದು ಕೋಳಿಮೊಟ್ಟೆಗಿಂತ ಕಡಿಮೆ! ತಿಳಿಸಾರು ಮಾಡಿದ ದಿನ ಅದೂ ಇಲ್ಲ. ಬೆಳಿಗ್ಗೆ ಇಡ್ಲಿ ಚಟ್ನಿ, ಮಧ್ಯಾಹ್ನ ಅನ್ನ ಸಾರು ಮಜ್ಜಿಗೆ, ಸಂಜೆ ಟೀ ಬಿಸ್ಕತ್ತು, ರಾತ್ರಿ ಎರಡು ಚಪಾತಿ ಆಲೂಗಡ್ಡೆ ಪಲ್ಯ. ಇಡೀ ದಿನ ಸೇರಿಸಿದರೆ 30-35 ಗ್ರಾಂ ದಾಟಲ್ಲ. ಬೇಕಾದ್ದರಲ್ಲಿ ಅರ್ಧವೂ ಆಗಲಿಲ್ಲ.

ಬಸ್ಸಾರು ಹೇಗೆ ಮಾಡ್ತೀವಿ ನೋಡಿ. ಸೊಪ್ಪು, ಹುರುಳಿಕಾಳೋ ಅಲಸಂದೆಯೋ ಹೆಸರುಕಾಳೋ ಹಾಕಿ ಬೇಯಿಸ್ತೀವಿ. ನೀರು ಬಸೀತೀವಿ. ಬಸಿದ ನೀರಿಗೆ ಖಾರ ರುಬ್ಬಿ ಹಾಕಿದರೆ ಸಾರು. ಕೆಳಗೆ ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಊಟಕ್ಕೆ ಕೂತಾಗ ಏನಾಗುತ್ತೆ? ಎರಡು ಮುದ್ದೆ, ಸಾರಿನ ಪಾತ್ರೆ ಖಾಲಿ. ಪಲ್ಯ ತಟ್ಟೆಯ ಅಂಚಿನಲ್ಲಿ ಒಂದು ಚಮಚ. ಮಿಕ್ಕದ್ದು ಫ್ರಿಜ್ಜಿಗೆ ಹೋಗುತ್ತೆ, ಮಾರನೇ ದಿನ ಯಾರೂ ಮುಟ್ಟಲ್ಲ. ಪ್ರೊಟೀನ್ ಪೂರಾ ಇದ್ದದ್ದು ಆ ಪಲ್ಯದಲ್ಲಿ! ನಾರೂ ಅದರಲ್ಲೇ. ಹುರುಳಿಕಾಳು 100 ಗ್ರಾಮಿಗೆ 22 ಗ್ರಾಂ ಪ್ರೊಟೀನ್ ಕೊಡುತ್ತೆ, ತೊಗರಿಬೇಳೆಯಷ್ಟೇ. ಮಂಡ್ಯ ಕಡೆಯ ಅಜ್ಜಿಯಂದಿರು ನೆಂಟರಿಗೆ ಬಡಿಸುವ ಹಾಗೆ ನಿಮ್ಮ ತಟ್ಟೆಗೆ ನೀವೇ ಪಲ್ಯ ಬಡಿಸಿಕೊಳ್ಳಿ. ದೊಡ್ಡ ಬಟ್ಟಲು ಪಲ್ಯ ಮೊದಲು. ಮುದ್ದೆ ಆಮೇಲೆ, ಒಂದೇ. ನಂಚಿಕೊಳ್ಳೋದು ಊಟವಾಗಲಿ, ಊಟ ನಂಚಿಕೊಳ್ಳೋದಾಗಲಿ. ನಾನು ಇವತ್ತು ಹೇಳಬೇಕು ಅಂತ ಬಂದದ್ದು ಇದೇ.

ಮುದ್ದೆ ಅಂದೆ, ರಾಗಿ ತಿಂದರೆ ಸಣ್ಣಗಾಗ್ತಾರೆ ಅನ್ನುವ ನಂಬಿಕೆ ಬಗ್ಗೆಯೂ ಹೇಳಿಬಿಡ್ತೀನಿ. 100 ಗ್ರಾಂ ರಾಗಿಯಲ್ಲಿ 320 ಕ್ಯಾಲೊರಿ, 100 ಗ್ರಾಂ ಅಕ್ಕಿಯಲ್ಲಿ 356. ದೊಡ್ಡ ವ್ಯತ್ಯಾಸ ಇಲ್ಲ. ಪ್ರೊಟೀನ್ ಎರಡರಲ್ಲೂ ಏಳೆಂಟು ಗ್ರಾಂ. ರಾಗಿಯಲ್ಲಿ ನಾರು 11 ಗ್ರಾಂ ಇದೆ, ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಸುಣ್ಣದ ಅಂಶ ರಾಗಿಯಲ್ಲಿ 364 ಮಿಲಿಗ್ರಾಂ, ಅಷ್ಟಂತೂ ಬೇರೆ ಯಾವ ಧಾನ್ಯದಲ್ಲೂ ಸಿಗಲ್ಲ. ರಾಗಿ ಒಳ್ಳೆಯದು, ತಿನ್ನಿ. ಆದರೆ ತಲಾ 100 ಗ್ರಾಂ ಹಿಟ್ಟಿನ ಎರಡು ಮುದ್ದೆ ಅಂದ್ರೆ 640 ಕ್ಯಾಲೊರಿ. ಹೊಲದಲ್ಲಿ ದಿನವಿಡೀ ಗೇಯುವವರಿಗೆ ಅದು ಸರಿ. ಲ್ಯಾಪ್‌ಟಾಪ್ ಮುಂದೆ ಕೂರುವವರಿಗೆ ಜಾಸ್ತಿ ಆಯ್ತು. ಅನ್ನ ಬಿಡಲೇಬೇಕು ಅಂತ ನಾನು ಯಾರಿಗೂ ಹೇಳಲ್ಲ. ಕರಾವಳಿಯವರಿಗೆ ಕುಚ್ಚಲಕ್ಕಿ ಗಂಜಿ ಬಿಡಿ ಅಂದ್ರೆ ಅವರು ನನ್ನನ್ನೇ ಬಿಡ್ತಾರೆ. ಗಂಜಿ ಇರಲಿ, ಜೊತೆಗೆ ಮೀನು ಎರಡು ತುಂಡು ಜಾಸ್ತಿ ಇರಲಿ, ಹುರಿದದ್ದಲ್ಲ, ಸಾರಿನದು. ಉತ್ತರ ಕರ್ನಾಟಕದವರ ತಟ್ಟೆ ಈ ವಿಷಯದಲ್ಲಿ ನಮಗಿಂತ ಮುಂದು. ಜೋಳದ ರೊಟ್ಟಿ, ಮಡಕಿಕಾಳು ಪಲ್ಯ, ಝುಣಕ, ಹಸಿ ಸೊಪ್ಪು, ಮೊಸರು. ಅಲ್ಲಿ ಎಣ್ಣೆ ಮತ್ತು ಶೇಂಗಾ ಚಟ್ನಿಯ ಮೇಲೆ ಕಣ್ಣಿಟ್ಟರೆ ಸಾಕು. ಶೇಂಗಾದಲ್ಲಿ ಪ್ರೊಟೀನ್ ಇದೆ ನಿಜ, ಆದರೆ 100 ಗ್ರಾಮಿಗೆ 520 ಕ್ಯಾಲೊರಿಯೂ ಇದೆ. ಒಂದು ಹಿಡಿ ಸಾಕು, ಸೇರುಗಟ್ಟಲೆ ಬೇಡ.

70 ಕಿಲೋದವರಿಗೆ ಒಂದು ದಿನ ಹೇಗಿರಬಹುದು ಅಂತ ಹೇಳ್ತೀನಿ. ಹೀಗೇ ಇರಬೇಕು ಅಂತಲ್ಲ. ಬೆಳಿಗ್ಗೆ ಎರಡು ಇಡ್ಲಿ, ಜೊತೆಗೆ ಮೊಳಕೆ ಹೆಸರುಕಾಳಿನ ಉಸಲಿ ಒಂದು ಬಟ್ಟಲು, ತಿನ್ನುವವರು ಎರಡು ಬೇಯಿಸಿದ ಮೊಟ್ಟೆ. ಮಧ್ಯಾಹ್ನ ಒಂದು ಚಿಕ್ಕ ಮುದ್ದೆ, ಬಸ್ಸಾರಿನ ಪಲ್ಯ, ಒಂದು ದೊಡ್ಡ ಬಟ್ಟಲು ಮೊಸರು. ಸಂಜೆ ಸಕ್ಕರೆ ಇಲ್ಲದ ಒಂದು ಲೋಟ ಹಾಲು. ರಾತ್ರಿ ಎರಡು ತೆಳು ರೊಟ್ಟಿ, ಹೆಸರುಬೇಳೆ ಕೋಸಂಬರಿ, 40 ಗ್ರಾಂ ಸೋಯಾ ಚಂಕ್ಸ್ ಹಾಕಿದ ತರಕಾರಿ ಪಲ್ಯ. ಇದು 90 ಗ್ರಾಂ ಪ್ರೊಟೀನಿನ ಹತ್ತಿರ ಬರುತ್ತೆ. ಸೋಯಾ ಒಂದರಿಂದಲೇ 20 ಗ್ರಾಂ, ಪ್ಯಾಕೆಟ್ಟು ಕಿರಾಣಿ ಅಂಗಡಿಯಲ್ಲೇ ಸಿಗುತ್ತೆ. ಮಾಂಸ ತಿನ್ನುವವರು ಅದರ ಬದಲು 150 ಗ್ರಾಂ ಕೋಳಿಯ ಎದೆ ಮಾಂಸ ಹಾಕಿಕೊಂಡರೆ ಇನ್ನೂ ಸುಲಭ. ಕೋಳಿ ಸಾರು ಅಂತ ಕಾಯಿ ಎಣ್ಣೆ ತೇಲುವ ಸಾರು ಮಾಡಿ, ಎರಡು ತುಂಡು ಹಾಕಿಕೊಂಡು, ಅನ್ನ ಮೂರು ಸಲ ಕಲಸಿದರೆ ಅದನ್ನು ಪ್ರೊಟೀನ್ ಊಟ ಅಂತ ಕರೆಯಬೇಡಿ.

ಕಿಡ್ನಿ ತೊಂದರೆ ಇದ್ದವರು ಪ್ರೊಟೀನ್ ಹೆಚ್ಚಿಸುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಒಮ್ಮೆಲೇ ಊಟ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ದಿಢೀರನೆ ಕುಸಿಯಬಹುದು. ಅವರೂ ಕೇಳಿಯೇ ಶುರು ಮಾಡಬೇಕು.

ಚೀಟಿಯಲ್ಲಿ ಬರೆದು ಕಳಿಸಿದ ಪ್ರಶ್ನೆಗಳಿವೆ. ವೇ ಪ್ರೊಟೀನ್ ಪೌಡರ್ ಬೇಕಾ? ಅದು ಹಾಲಿನಿಂದಲೇ ತೆಗೆದದ್ದು. ವಿಷವೂ ಅಲ್ಲ, ಮಂತ್ರವೂ ಅಲ್ಲ. ಊಟದಲ್ಲಿ ಸಾಲದೇ ಬಂದರೆ, ದುಡ್ಡಿದ್ದರೆ, ಒಂದು ಚಮಚ ತಗೊಳ್ಳಿ. ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯವರು ಇಂಥ ಪೌಡರ್ ಬೇಡ ಅಂತಲೇ ಹೇಳಿದ್ದಾರೆ. ಸಾಮಾನ್ಯ ಜನರ ಮಟ್ಟಿಗೆ ನನಗೂ ಅದು ಸರಿ ಅನ್ಸುತ್ತೆ. ಕೊಬ್ಬು ಕರಗಿಸುವ ಮಾತ್ರೆ ಅಂತ ಮಾರ್ತಾರಲ್ಲ, ಅದರ ಹತ್ತಿರ ಮಾತ್ರ ಹೋಗಬೇಡಿ.

ಬೆಳಿಗ್ಗೆ ಬಿಸಿನೀರಿಗೆ ನಿಂಬೆಹಣ್ಣು, ಜೇನುತುಪ್ಪ? ಕುಡೀರಿ, ಚೆನ್ನಾಗಿರುತ್ತೆ. ಕೊಬ್ಬು ಕರಗಲ್ಲ. ಜೇನುತುಪ್ಪವೂ ಸಕ್ಕರೆಯೇ. ಜೀರಿಗೆ ನೀರು, ಗ್ರೀನ್ ಟೀ, ಬೂದುಗುಂಬಳದ ರಸ ಎಲ್ಲಕ್ಕೂ ಇದೇ ಉತ್ತರ.

ಹದಿನಾರು ಗಂಟೆ ಉಪವಾಸ ಮಾಡೋದು ಹೇಗೆ? ಚೀನಾದಲ್ಲಿ ದಪ್ಪ ಇರುವ 139 ಜನರ ಮೇಲೆ ಒಂದು ವರ್ಷ ಪ್ರಯೋಗ ಮಾಡಿದರು, 2022ರಲ್ಲಿ ಪ್ರಕಟವಾಯ್ತು. ಎರಡು ಗುಂಪಿಗೂ ಕ್ಯಾಲೊರಿ ಒಂದೇ ಥರ ಕಡಿಮೆ ಮಾಡಿದರು. ಒಂದು ಗುಂಪು ಬೆಳಿಗ್ಗೆ 8ರಿಂದ ಸಂಜೆ 4ರ ಒಳಗೆ ಮಾತ್ರ ತಿಂದಿತು. ಕೊನೆಗೆ ಎರಡು ಗುಂಪಿನ ತೂಕ ಇಳಿದದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹೊತ್ತು ಮೀರಿ ತಿನ್ನುವ ಚಟ ಇದ್ದವರಿಗೆ ಗಡಿಯಾರ ಸಹಾಯ ಮಾಡುತ್ತೆ, ಅಷ್ಟೇ. ಆದರೆ ಏಕಾದಶಿ ದಿನ ಅನ್ನ ಬಿಟ್ಟು ಸಾಬೂದಾನಿ ವಡೆ, ಗೊಜ್ಜವಲಕ್ಕಿ, ಬಾಳೆಹಣ್ಣಿನ ಸೀಕರಣೆ ಹೊಡೆಯುವವರಿದ್ದಾರೆ. ಆ ಉಪವಾಸದಲ್ಲಿ ಪುಣ್ಯ ಬರಬಹುದು, ಹೊಟ್ಟೆ ಇಳಿಯಲ್ಲ.

ಇನ್ನೊಂದು ಚೀಟಿಯಲ್ಲಿ ವಾರಕ್ಕೊಮ್ಮೆ ಪಾರ್ಟಿ ಅಂತ ಬರೆದಿದ್ದಾರೆ. ಅರ್ಥ ಆಯ್ತು. 60 ಮಿಲಿಲೀಟರ್ ವಿಸ್ಕಿಗೆ 140 ಕ್ಯಾಲೊರಿ. ಅಂಥ ಮೂರು ಸುತ್ತಿಗೆ 420. ಜೊತೆಗೆ ಕಡಲೆಬೀಜ ಮಸಾಲ, ಕಬಾಬ್, ಕೊನೆಗೆ ಹಸಿವಾಯ್ತು ಅಂತ ಬಿರಿಯಾನಿ. ಇಡೀ ವಾರ ಚಮಚದಲ್ಲಿ ಎಣ್ಣೆ ಅಳೆದು ಉಳಿಸಿದ್ದು ಶನಿವಾರ ರಾತ್ರಿ ಮೂರು ಗಂಟೆಯಲ್ಲಿ ಸಮ ಆಯ್ತು.

ನಿದ್ದೆ ಬಗ್ಗೆ ಯಾರೂ ಕೇಳಿಲ್ಲ, ನಾನೇ ಹೇಳ್ತೀನಿ. 2010ರಲ್ಲಿ ಷಿಕಾಗೊದಲ್ಲಿ ಒಂದು ಸಣ್ಣ ಪ್ರಯೋಗ ಆಯ್ತು, ಹತ್ತೇ ಜನ. ಅದೇ ಜನರಿಗೆ ಎರಡು ವಾರ ರಾತ್ರಿ ಎಂಟೂವರೆ ಗಂಟೆ, ಇನ್ನೆರಡು ವಾರ ಐದೂವರೆ ಗಂಟೆ ಮಲಗಲು ಬಿಟ್ಟರು. ಊಟ ಎರಡೂ ಸಲ ಅಷ್ಟೇ ಕಡಿಮೆ. ತೂಕ ಎರಡೂ ಸಲ ಹೆಚ್ಚುಕಡಿಮೆ ಒಂದೇ ಇಳಿಯಿತು. ಆದರೆ ನಿದ್ದೆಗೆಟ್ಟಾಗ ಇಳಿದ ಕೊಬ್ಬು ಚೆನ್ನಾಗಿ ಮಲಗಿದಾಗ ಇಳಿದದ್ದರ ಅರ್ಧಕ್ಕಿಂತ ಕಡಿಮೆ, ಮಿಕ್ಕದ್ದು ಸ್ನಾಯುವಿನ ಪಾಲು. ಮುಂದಿನ ಸಾಲಿನವರೇ, ರಾತ್ರಿ ಎರಡು ಗಂಟೆವರೆಗೆ ರೀಲ್ಸ್ ನೋಡಿ ಬೆಳಿಗ್ಗೆ ಐದಕ್ಕೆ ಜಿಮ್ಮಿಗೆ ಹೋಗೋದು ಸುಮ್ನೆ ದಂಡ.

ಹೆಣ್ಣುಮಕ್ಕಳೊಬ್ಬರು ಕೇಳಿದ್ದಾರೆ, ಡಯಟ್ ಶುರು ಮಾಡಿದ ಮೇಲೆ ಮುಟ್ಟು ತಪ್ಪಿದೆ, ಪರವಾಗಿಲ್ವಾ ಅಂತ. ಪರವಾಗಿಲ್ಲ ಅನ್ನೋಕಾಗಲ್ಲಮ್ಮ. ತಿನ್ನೋದು ತೀರಾ ಕಡಿಮೆಯಾಗಿ, ವ್ಯಾಯಾಮ ಜಾಸ್ತಿಯಾದರೆ ಮುಟ್ಟು ನಿಲ್ಲಬಹುದು. ಹಾಗೇ ಮುಂದುವರಿದರೆ ಮೂಳೆ ಸವೆಯುತ್ತೆ. ಊಟ ಹೆಚ್ಚು ಮಾಡಿ, ಡಾಕ್ಟರಿಗೆ ತೋರಿಸಿ. ಹೆರಿಗೆಯಾದ ಮೇಲೆ ಕೆಲವರಿಗೆ ಹೊಟ್ಟೆಯ ನಡುಗೆರೆ ಅಗಲವಾಗಿ ಬಿಟ್ಟುಕೊಂಡಿರುತ್ತೆ. ಅದನ್ನು ಬೊಜ್ಜು ಅಂತ ತಿಳಿದು ಸಿಟ್ ಅಪ್ ಶುರು ಮಾಡಬೇಡಿ, ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ನೋಡಿಸಿ.

ಕೊನೆಯ ಚೀಟಿ. ತೂಕ 78 ಕಿಲೋ, ಕೊಬ್ಬು 25 ಶೇಕಡಾ ಅಂತ ಮೆಷಿನ್ ತೋರಿಸಿದೆ, ಪ್ಯಾಕ್ ಕಾಣಲು ಎಷ್ಟು ತಿಂಗಳು? ಜಿಮ್ಮಿನ ಮೆಷಿನ್ ಲೆಕ್ಕ ನೀವು ಎಷ್ಟು ನೀರು ಕುಡಿದಿದ್ದೀರಿ ಅನ್ನೋದರ ಮೇಲೂ ಬದಲಾಗುತ್ತೆ. ಆದರೂ ಅದನ್ನೇ ಹಿಡಿಯೋಣ. 25 ಶೇಕಡಾ ಅಂದ್ರೆ ಕೊಬ್ಬು 19.5 ಕಿಲೋ, ಮಿಕ್ಕದ್ದು 58.5. ಆ 58.5 ಪೂರ್ತಿ ಉಳಿಸಿಕೊಂಡು ಕೊಬ್ಬು 12 ಶೇಕಡಾಕ್ಕೆ ಬರಬೇಕಾದರೆ ನಿಮ್ಮ ತೂಕ 66.5 ಆಗಬೇಕು. ಹನ್ನೊಂದೂವರೆ ಕಿಲೋ. ವಾರಕ್ಕೆ ಅರ್ಧ ಕಿಲೋದಂತೆ 23 ವಾರ. ನಡುವೆ ಗಣೇಶನ ಹಬ್ಬ, ದಸರಾ, ದೀಪಾವಳಿ, ಮೂರು ಮದುವೆ ಬರುತ್ತೆ. ಏಳು ತಿಂಗಳು ಅಂತ ಇಟ್ಟುಕೊಳ್ಳಿ. ಪೋಸ್ಟರಿನ ಹೀರೋಗಳನ್ನು ನೋಡಿ ಮೂರು ತಿಂಗಳು ಅಂದುಕೊಳ್ಳಬೇಡಿ. ಶೂಟಿಂಗ್ ದಿನಕ್ಕೆ ನೀರು, ಉಪ್ಪು ಕಡಿಮೆ ಮಾಡಿ, ಬೆಳಕು ಸರಿಯಾಗಿ ಬಿಟ್ಟು ತೆಗೆದ ಹೊಟ್ಟೆ ಅದು. ಮಾರನೇ ದಿನ ಅವರದ್ದೂ ಹಾಗಿರಲ್ಲ.

ನನ್ನನ್ನು ಕೇಳಿದರೆ ನಿಮಗೆ 15 ಶೇಕಡಾ ಸಾಕು. ತೂಕ 69ರ ಹತ್ತಿರ ಬರುತ್ತೆ, 9 ಕಿಲೋ ಇಳಿಸಿದರೆ ಆಯ್ತು. ಟೇಪಿನಲ್ಲಿ ಸೊಂಟ 90ರಿಂದ ಚೆನ್ನಾಗಿಯೇ ಕೆಳಗೆ ಬಂದಿರುತ್ತೆ, ಮದುವೆ ಮನೆಯಲ್ಲಿ ಒಂದು ಹೋಳಿಗೆ ತಿನ್ನೋಕೂ ಜಾಗ ಇರುತ್ತೆ. ಅಲ್ಲಿಂದ 12ಕ್ಕೆ ಹೋಗಲೇಬೇಕು ಅನ್ಸಿದರೆ ಆಗ ಬನ್ನಿ, ಮಾತಾಡೋಣ. ಅಲ್ಲಿಯವರೆಗೆ ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಏನೂ ತಿನ್ನುವ ಮೊದಲು ಸೊಂಟ ಅಳೆದು ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೂರು ವಾರ ಅಳತೆ ಕದಲಲಿಲ್ಲ ಅಂದ್ರೆ ಅನ್ನದ ಪಾತ್ರೆ ಮುಟ್ಟಬೇಡಿ, ಎಣ್ಣೆ ಬಾಟಲಿಯನ್ನು ಇನ್ನೊಮ್ಮೆ ನೋಡಿ.